ಉಚಿತ ತಂತ್ರಾಂಶಗಳ ಮರುಮಾರಾಟ: ಒಂದು ಚಾರಿತ್ರಿಕ ವಿವೇಚನೆ

೧

ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (ಕ್ರಿ. ಶ. ೧೦೭೬-೧೧೨೬) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ಎಂಬ ವ್ಯಾಖ್ಯಾನವು ದಾಯವಿಭಾಗದ ವಿಷಯದಲ್ಲಿ ಭಾರತದ ಬಹುಭಾಗಕ್ಕೆ ಪ್ರಮಾಣವಾಗಿ ನಿಂತುದು ಸರ್ವವಿದಿತವಾಗಿದೆ. ಅದೇ ಗ್ರಂಥದ ವ್ಯವಹಾರಾಧ್ಯಾಯದಲ್ಲಿ ಅಸ್ವಾಮಿವಿಕ್ರಯವೆಂಬ ಒಂದು ಪ್ರಕರಣವುಂಟು. ತನ್ನದಲ್ಲದ ವಸ್ತುವನ್ನು ಒಡೆಯನ ಒಪ್ಪಿಗೆಯಿಲ್ಲದೆ ಮಾರುವುದೆಂಬುದು ಈ ಪದದ ಅರ್ಥ. ಅಲ್ಲಿಯ ನಿರ್ಣಯವನ್ನು ಸಂಗ್ರಹವಾಗಿ ಹೇಳುವುದಾದರೆ, ಒಡೆಯನಿಗೆ ಅವನ ವಸ್ತು ಹಿಂದಿರುಗಬೇಕು. ಕೊಂಡವನು ಅದನ್ನು ಬಹಿರಂಗವಾಗಿ ಕೊಳ್ಳದೆ ಗುಟ್ಟಾಗಿ, ಅತಿ ಕಡಿಮೆ ಬೆಲೆಗೆ, ಹೊತ್ತಲ್ಲದ ಹೊತ್ತಿನಲ್ಲಿ, ಅಂಥ ವಸ್ತುವನ್ನು ಗಳಿಸುವ ಮಾರ್ಗವೇ ಇಲ್ಲದವನ ಕೈಯಿಂದ ಕೊಂಡಿದ್ದರೆ ಅವನೂ ಕಳ್ಳನಂತೆಯೇ ದೋಷಿಯಾಗುವನು. ದೋಷವನ್ನು ನಿರ್ಣಯಿಸುವಾಗ ಸ್ಮೃತಿಯು ಹಣ ಸಂದಿತೆ ಇಲ್ಲವೆ ಎಂಬುದಕ್ಕಿಂತ ವ್ಯವಹಾರವು ಬೆಳಕಿನಲ್ಲಿ ನಡೆಯಿತೆ ಇಲ್ಲವೆ ಎಂಬುದಕ್ಕೆ ಹೆಚ್ಚಿನ ಮಹತ್ವವನ್ನು ಕೊಟ್ಟಿರುವುದು ಇಲ್ಲಿ ಗಮನಾರ್ಹವಾದ ಅಂಶ.

ಸ್ಮೃತಿಕಾರರು ಕಂಡರಿಯದ ಒಂದು ಬಗೆಯ ಸರಕು ಕಳೆದ ಅರ್ಧ ಶತಮಾನದಲ್ಲಿ ಪೇಟೆಗೆ ಬಂದಿದೆ. ಅದೇ ಗಣಕಯಂತ್ರದ ತಂತ್ರಾಂಶ. ಹಸುವನ್ನು ಅನ್ಯನು ಮಾರಿದರೆ ಒಡೆಯನ ಕೊಟ್ಟಿಗೆ ಬರಿದಾಗುತ್ತದೆ. ತಂತ್ರಾಂಶದ ಪ್ರತಿಯನ್ನು ಅನ್ಯನು ಮಾರಿದರೆ ಕರ್ತೃವಿನ ಬಳಿಯಿರುವುದು ಅಲ್ಲಿಯೇ ಇರುತ್ತದೆ. ಅದರಲ್ಲಿಯೂ ಕರ್ತೃವೇ 'ಪ್ರತಿ ಮಾಡಿಕೊಳ್ಳಿರಿ, ಸ್ನೇಹಿತರಿಗೂ ಕೊಡಿರಿ' ಎಂದು ಹೇಳಿ ಹಂಚಿದ ತಂತ್ರಾಂಶವಾದರೆ, ಅದನ್ನು ಒಂದು ವ್ಯಾಪಾರಿ ಸಂಸ್ಥೆ ಬೆಲೆಗೆ ಮಾರಿದಾಗ ಯಾರಿಗೆ ಏನು ನಷ್ಟವಾಯಿತು? ನಷ್ಟವೇ ಇಲ್ಲವೆಂದಾದರೆ ಅನ್ಯಾಯವೆಲ್ಲಿಂದ ಬಂದಿತು? ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಯನ್ನು ಚರಿತ್ರೆಯ ಆಧಾರದಿಂದ ವಿವೇಚಿಸಲು ಯತ್ನಿಸಲಾಗಿದೆ.

ಕನ್ನಡದ ಒಂದು ಶಬ್ದವನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗಲಾರದು. 'ಉಚಿತ' ಎಂಬುದಕ್ಕೆ ಸಂಸ್ಕೃತದಲ್ಲಿಯೂ ನಮ್ಮ ಹಳೆಯ ಕಾವ್ಯಗಳಲ್ಲಿಯೂ ಇರುವ ಅರ್ಥ ಯುಕ್ತವಾದುದು, ತಕ್ಕುದು ಎಂದು. ಬೆಲೆಯಿಲ್ಲದೆ ದೊರೆಯುವುದು ಎಂಬ ಅರ್ಥ ಈಚಿನ ಬಳಕೆಯಲ್ಲಿ ಬಂದುದು. ಈ ಎರಡರ್ಥಗಳನ್ನು ಬೇರೆಬೇರೆಯಾಗಿ ಹಿಡಿದುಕೊಂಡರೆ ನಮ್ಮ ವಿಚಾರ ಸುಗಮವಾಗುತ್ತದೆ.

೨

೧೯೭೦ರ ದಶಕದ ಮಧ್ಯಭಾಗದಲ್ಲಿ ಮನೆಯಲ್ಲಿಟ್ಟುಕೊಳ್ಳಬಹುದಾದ ಸಣ್ಣ ಗಣಕಗಳು ಅಮೆರಿಕದಲ್ಲಿ ಕಾಣಿಸಿಕೊಂಡಾಗ, ಅವುಗಳ ಹವ್ಯಾಸಿಗಳು ತಂತ್ರಾಂಶವನ್ನು ಪರಸ್ಪರ ಪ್ರತಿ ಮಾಡಿ ಹಂಚಿಕೊಳ್ಳುವುದು ವಾಡಿಕೆಯಾಗಿತ್ತು. ೧೯೭೬ರ ಫೆಬ್ರವರಿಯಲ್ಲಿ ಬಿಲ್ ಗೇಟ್ಸ್ ಅವರು ಹವ್ಯಾಸಿಗಳಿಗೆ ಬರೆದ ಬಹಿರಂಗ ಪತ್ರದಲ್ಲಿ ಇದನ್ನು ಕಳ್ಳತನವೆಂದು ಕರೆದು, ಕರ್ತೃವಿಗೆ ಪ್ರತಿಫಲವಿಲ್ಲದಿದ್ದರೆ ಒಳ್ಳೆಯ ತಂತ್ರಾಂಶವನ್ನು ಬರೆಯುವವರು ಯಾರು ಎಂದು ಕೇಳಿದರು. ಪ್ರಶ್ನೆ ನ್ಯಾಯವಾದುದೇ ಆಗಿತ್ತು. ಆದರೆ ಪ್ರತಿ ಮಾಡುವುದನ್ನು ತಡೆಯುವುದೊಂದೇ ಅದಕ್ಕೆ ಉತ್ತರವಲ್ಲವೆಂದು ಕೆಲವೇ ವರ್ಷಗಳಲ್ಲಿ ಇತರ ಕೆಲವರು ತೋರಿಸಿಕೊಟ್ಟರು.

೧೯೮೨ರಲ್ಲಿ ಕ್ಯಾಲಿಫೋರ್ನಿಯದ ಆಂಡ್ರೂ ಫ್ಲೂಗಲ್ಮನ್ ಎಂಬವರು ದೂರವಾಣಿಯ ಮೂಲಕ ಗಣಕಗಳು ಸಂಪರ್ಕಿಸಲು ನೆರವಾಗುವ ಪಿ.ಸಿ.-ಟಾಕ್ ಎಂಬ ತಂತ್ರಾಂಶವನ್ನು ಬರೆದು ಹಂಚತೊಡಗಿದರು. ನ್ಯಾಯವಾದಿಯ ಶಿಕ್ಷಣ ಪಡೆದು ಮುಂದೆ ಪತ್ರಿಕಾ ಸಂಪಾದಕರಾಗಿ ಹೆಸರಾದ ಇವರಿಗೆ, ಅಲ್ಲಿಯ ಸಾರ್ವಜನಿಕ ದೂರದರ್ಶನ ಕೇಂದ್ರವು ಪ್ರೇಕ್ಷಕರಿಂದ ವಂತಿಗೆ ಕೇಳುವ ಪದ್ಧತಿಯೇ ಮಾದರಿಯಾಯಿತು. ಬಳಸಿ ನೋಡಿರಿ, ಮೆಚ್ಚಿದರೆ ೨೫ ಡಾಲರು ಕಳುಹಿಸಿರಿ, ಮೆಚ್ಚದಿದ್ದರೂ ಪ್ರತಿ ಮಾಡಿ ಇನ್ನೊಬ್ಬರಿಗೆ ಕೊಡಿರಿ ಎಂಬುದು ಅವರ ಕೋರಿಕೆಯ ಸಾರ. ಅದೇ ವರ್ಷ ಐ.ಬಿ.ಎಂ. ಸಂಸ್ಥೆಯಲ್ಲಿ ನೌಕರರಾಗಿದ್ದ ಜಿಮ್ ನಾಫ್ ಎಂಬವರು, ತಮ್ಮ ಇಗರ್ಜಿಯ ವಿಳಾಸಪಟ್ಟಿಯನ್ನು ಅಚ್ಚುಮಾಡಲೆಂದು ತಾವೇ ಬರೆದುಕೊಂಡಿದ್ದ ಪಿ.ಸಿ.-ಫೈಲ್ ಎಂಬುದನ್ನು ೧೦ ಡಾಲರುಗಳ ವಂತಿಗೆ ಕೋರಿ ಹೊರಬಿಟ್ಟರು. ಇವರಿಬ್ಬರೂ ಒಬ್ಬರನ್ನೊಬ್ಬರು ಅರಿಯದೆ ಒಂದೇ ದಾರಿಯನ್ನು ಕಂಡುಕೊಂಡುದು ವಿಶೇಷ. ಫ್ಲೂಗಲ್ಮನ್ ಅವರು 'ಫ್ರೀವೇರ್' ಎಂಬ ಹೆಸರನ್ನು ತಮ್ಮ ವ್ಯಾಪಾರ ಚಿಹ್ನೆಯಾಗಿ ಕಾಯ್ದಿರಿಸಿಕೊಂಡಿದ್ದುದರಿಂದ ಉಳಿದವರಿಗೆ ಬೇರೊಂದು ಹೆಸರು ಬೇಕಾಯಿತು. ೧೯೮೩ರಲ್ಲಿ ಪಿ.ಸಿ.-ರೈಟ್ ಎಂಬ ಬರವಣಿಗೆಯ ತಂತ್ರಾಂಶವನ್ನು ಹೊರತಂದ ಬಾಬ್ ವಾಲೆಸ್ ಅವರಿಂದ 'ಶೇರ್‌ವೇರ್' ಎಂಬ ಮಾತು ಪ್ರಚಾರಕ್ಕೆ ಬಂದಿತು.

ವಾಲೆಸ್ ಅವರ ಏರ್ಪಾಟು ಲೆಕ್ಕಪತ್ರದ ದೃಷ್ಟಿಯಿಂದ ಸ್ವಾರಸ್ಯಕರವಾದುದು. ಫ್ಲಾಪಿಗೆ ೧೦ ಡಾಲರು, ಹೆಸರು ನೋಂದಾಯಿಸಿಕೊಳ್ಳಲು ೭೫ ಡಾಲರು. ನೋಂದಾಯಿಸಿದವನಿಗೆ ಒಂದು ಕ್ರಮಸಂಖ್ಯೆಯುಳ್ಳ ಪ್ರತಿ ದೊರೆಯುತ್ತಿತ್ತು. ಅವನು ಅದನ್ನು ಇತರರಿಗೆ ಹಂಚಿ, ಪಡೆದವರಲ್ಲಿ ಯಾರಾದರೂ ನೋಂದಾಯಿಸಿಕೊಂಡರೆ ಅವನಿಗೆ ೨೫ ಡಾಲರು ದಳ್ಳಾಳಿ ಸಲ್ಲುತ್ತಿತ್ತು. ಪ್ರತಿ ಮಾಡುವವನನ್ನು ಕಳ್ಳನೆಂದು ಬಗೆಯದೆ ಪಾಲುಗಾರನೆಂದು ಬಗೆದ ವ್ಯವಸ್ಥೆಯಿದು.

ಆದುದರಿಂದ ಶೇರ್‌ವೇರ್ ಎಂಬುದು ದಾನವಲ್ಲ. ಅದು ನಂಬಿಕೆಯ ಮೇಲೆ ಕೊಟ್ಟ ಸಾಲ. ವಸ್ತುವನ್ನು ಮೊದಲು ಕೊಟ್ಟು ಬೆಲೆಯನ್ನು ಅನಂತರ ಕೇಳುವ ಈ ಕ್ರಮಕ್ಕೆ ಜಾಮೀನಿಲ್ಲ, ಅಡವಿಲ್ಲ. ಗ್ರಾಹಕನ ಅಂತಃಸಾಕ್ಷಿಯೊಂದೇ ಅದರ ಆಧಾರ. ಆ ಅಂತಃಸಾಕ್ಷಿ ಎಚ್ಚರವಾಗಿರಬೇಕಾದರೆ ಕರ್ತೃವಿನ ಕೋರಿಕೆಯು ಅವನ ಕಿವಿಗೆ ಬೀಳಬೇಕು.

೩

ಕರ್ತೃವಿಗೂ ಬಳಕೆದಾರನಿಗೂ ನಡುವೆ ಮೂರನೆಯವನೊಬ್ಬನು ಪ್ರವೇಶಿಸಿದುದು ಇದೇ ಕಾಲದಲ್ಲಿ. ದೂರವಾಣಿಯ ಮೂಲಕ ತಂತ್ರಾಂಶವನ್ನು ಇಳಿಸಿಕೊಳ್ಳುವ ಸೌಕರ್ಯ ಎಲ್ಲರಿಗೂ ಇರಲಿಲ್ಲ. ಇದ್ದವರಿಗೂ ಅದು ನಿಧಾನವೂ ದುಬಾರಿಯೂ ಆಗಿತ್ತು. ಈ ಕೊರತೆಯನ್ನು ನೀಗಲು ಫ್ಲಾಪಿ ವ್ಯಾಪಾರಿಗಳು ಹುಟ್ಟಿಕೊಂಡರು. ಅವರಲ್ಲಿ ಕ್ಯಾಲಿಫೋರ್ನಿಯದ ಪಿ.ಸಿ.-ಸಿಗ್ ಪ್ರಸಿದ್ಧವಾದುದು. ಸಾರ್ವಜನಿಕ ತಂತ್ರಾಂಶಗಳನ್ನೂ ಶೇರ್‌ವೇರ್‌ಗಳನ್ನೂ ಸಂಗ್ರಹಿಸಿ, ವರ್ಗೀಕರಿಸಿ, ಪಟ್ಟಿ ಅಚ್ಚುಮಾಡಿ, ಫ್ಲಾಪಿಯೊಂದಕ್ಕೆ ಕೆಲವು ಡಾಲರುಗಳಂತೆ ಅಂಚೆಯಲ್ಲಿ ಕಳುಹಿಸುವುದು ಇಂಥವರ ಉದ್ಯೋಗ. ಇದರಲ್ಲಿ ಶ್ರಮವಿತ್ತು, ಬಂಡವಾಳವಿತ್ತು, ಗ್ರಾಹಕನಿಗೆ ಪ್ರಯೋಜನವೂ ಇತ್ತು. ಪಟ್ಟಿಯ ಮೂಲಕ ಕರ್ತೃವಿನ ಹೆಸರು ದೂರದ ಊರುಗಳನ್ನು ತಲಪಿತು. ಆ ಕೆಲವು ಡಾಲರುಗಳನ್ನು ಅನ್ಯಾಯದ ಗಳಿಕೆಯೆನ್ನಲು ಕಾರಣವಿಲ್ಲ.

ತೊಡಕು ಬೇರೆಡೆಯಲ್ಲಿತ್ತು. ಹಣ ತೆತ್ತು ಫ್ಲಾಪಿಯನ್ನು ಕೊಂಡವನು ತಂತ್ರಾಂಶದ ಬೆಲೆಯೂ ಸಂದಿತೆಂದು ತಿಳಿಯುವುದು ಸಹಜ. ವ್ಯಾಪಾರಿಯು ಈ ಭ್ರಮೆಯನ್ನು ನಿವಾರಿಸಿದರೆ ಅವನ ಸರಕು ಗ್ರಾಹಕನಿಗೆ ದುಬಾರಿಯಾಗಿ ಕಾಣುವ ಸಂಭವವಿತ್ತು. ನಿವಾರಿಸದಿದ್ದರೆ ಕರ್ತೃವಿಗೆ ಬರಬೇಕಾದುದು ಬರುತ್ತಿರಲಿಲ್ಲ. ಆದಕಾರಣ ೧೯೮೭ರಲ್ಲಿ ಅಮೆರಿಕದ ಶೇರ್‌ವೇರ್ ಕರ್ತೃಗಳು ತಮ್ಮದೊಂದು ವೃತ್ತಿಸಂಘವನ್ನು ಕಟ್ಟಿಕೊಂಡು ಕರ್ತೃಗಳಿಗೂ ವ್ಯಾಪಾರಿಗಳಿಗೂ ನಿಯಮಗಳನ್ನು ರೂಪಿಸಿದರು. ಫ್ಲಾಪಿಗೆ ಕೊಟ್ಟ ಹಣವು ಹಂಚಿಕೆಯ ವೆಚ್ಚ ಮಾತ್ರ, ತಂತ್ರಾಂಶದ ಬೆಲೆಯನ್ನು ಕರ್ತೃವಿಗೆ ಪ್ರತ್ಯೇಕವಾಗಿ ಸಲ್ಲಿಸತಕ್ಕದ್ದು ಎಂಬುದನ್ನು ಗ್ರಾಹಕನಿಗೆ ಸ್ಪಷ್ಟವಾಗಿ ತಿಳಿಸಬೇಕೆಂಬುದು ಆ ನಿಯಮಗಳಲ್ಲಿ ಮುಖ್ಯವಾದುದು. ಕರ್ತೃಗಳು ವ್ಯಾಪಾರವನ್ನು ನಿಷೇಧಿಸಲಿಲ್ಲ, ಸತ್ಯವನ್ನು ಹೇಳಿ ವ್ಯಾಪಾರ ಮಾಡಿರೆಂದು ಕೇಳಿದರು.

ಈ ಸಂದರ್ಭದಲ್ಲಿ ಲೇಖಕನ ಸ್ವಂತ ಅನುಭವವೊಂದನ್ನು ಹೇಳುವುದು ಅನಿವಾರ್ಯವಾಗಿದೆ. ೧೯೯೦ರ ದಶಕದ ಕೊನೆಯಲ್ಲಿ, ಇನ್ನೂ ಓದುತ್ತಿದ್ದಾಗ, ಒಂದು ಅಂಗಡಿಯಲ್ಲಿ ನೂರಾರು ತಂತ್ರಾಂಶಗಳನ್ನೊಳಗೊಂಡ ಸಿ.ಡಿ.ಯೊಂದನ್ನು ಕೊಂಡೆನು. ಅದರಲ್ಲಿದ್ದ ಕಡತಗಳನ್ನು ಕುಗ್ಗಿಸುವ ಒಂದು ತಂತ್ರಾಂಶವನ್ನು ವರ್ಷಗಟ್ಟಲೆ ಬಳಸಿದೆನು. ಬೆಲೆ ಕೊಟ್ಟಿದ್ದೇನೆಂಬ ನಿಶ್ಚಿಂತೆ ಇದ್ದಿತು. ಬಹುಕಾಲದ ಮೇಲೆ ಆ ಸಿ.ಡಿ.ಯ ಮೂಲೆಯಲ್ಲಿದ್ದ ಒಂದು ಸಣ್ಣ ಪಠ್ಯಕಡತವನ್ನು ತೆರೆದಾಗ, ಮೂವತ್ತು ದಿನ ಪರೀಕ್ಷಿಸಿ ಅನಂತರ ಹಣ ಕಳುಹಿಸಬೇಕೆಂಬ ಕರ್ತೃವಿನ ಕೋರಿಕೆ ಕಂಡಿತು. ಬ್ಯಾಂಕಿನಲ್ಲಿ ಕುಳಿತು ಅನ್ಯರ ಬಾಕಿಯನ್ನು ಲೆಕ್ಕಹಾಕುವ ವೃತ್ತಿಯನ್ನು ಅಷ್ಟರಲ್ಲಿ ಕೈಗೊಂಡಿದ್ದೆನು. ನಾನೇ ಬಾಕಿದಾರನೆಂಬುದು ಅಂದು ತಿಳಿಯಿತು. ಅಂಗಡಿಯವನು ನನ್ನಿಂದ ಹೆಚ್ಚು ಹಣ ತೆಗೆದುಕೊಳ್ಳಲಿಲ್ಲ. ನಾನು ಸಾಲಗಾರನೆಂಬ ಸಂಗತಿಯನ್ನು ಹೇಳದೆ ಉಳಿದುದೇ ಅವನು ಮಾಡಿದ ತಪ್ಪು. ಹುಡುಕದೆ ಉಳಿದುದು ನನ್ನ ತಪ್ಪು.

೪

ನ್ಯಾಯಾಲಯಗಳ ಮುಂದೆ ಬಂದ ಎರಡು ವ್ಯಾಜ್ಯಗಳು ಈ ವಿಷಯವನ್ನು ಸ್ಫುಟಗೊಳಿಸುತ್ತವೆ. ಮೊದಲನೆಯದು ಆಸ್ಟ್ರೇಲಿಯದ್ದು. ಟಾಸ್ಮೇನಿಯ ವಿಶ್ವವಿದ್ಯಾನಿಲಯದಲ್ಲಿದ್ದ ಪೀಟರ್ ಟಟಮ್ ಎಂಬವರು ಬರೆದ ಟ್ರಂಪೆಟ್ ವಿನ್‌ಸಾಕ್ ಎಂಬ ಶೇರ್‌ವೇರ್, ಅಂದಿನ ವಿಂಡೋಸ್ ಗಣಕಗಳನ್ನು ದೂರವಾಣಿಯ ಮೂಲಕ ಅಂತರ್ಜಾಲಕ್ಕೆ ಸೇರಿಸುವ ಸಾಧನವಾಗಿತ್ತು. ವಿಂಡೋಸ್ ೯೫ರಲ್ಲಿ ಆ ಸೌಲಭ್ಯ ಅಡಕವಾಗುವ ಮುಂಚೆ ಲೋಕದಾದ್ಯಂತ ಅಸಂಖ್ಯಾತ ಜನರು ಅಂತರ್ಜಾಲವನ್ನು ಪ್ರವೇಶಿಸಿದುದು ಈ ಬಾಗಿಲಿನಿಂದಲೇ. ಅವರಲ್ಲಿ ಹಣ ಸಲ್ಲಿಸದವರು ಬಹಳ. ಓಜ್‌ಈಮೇಲ್ ಎಂಬ ಅಂತರ್ಜಾಲ ಸಂಸ್ಥೆಯು ೧೯೯೫ರಲ್ಲಿ ಈ ತಂತ್ರಾಂಶವನ್ನು ಗಣಕ ಪತ್ರಿಕೆಗಳೊಡನೆ ಫ್ಲಾಪಿಯಲ್ಲಿ ಹಂಚಲು ಅನುಮತಿ ಕೇಳಿತು. ಅನುಮತಿ ದೊರೆಯಲಿಲ್ಲ. ಆದರೂ ಅದು ಹಂಚಿತು. ಅಷ್ಟೇ ಅಲ್ಲದೆ, ಸಂಪರ್ಕವು ತನ್ನ ಸೇವೆಗೇ ಹೋಗುವಂತೆ ಅದರೊಡನಿದ್ದ ಕಡತಗಳನ್ನು ಬದಲಿಸಿತ್ತು. ಶೇರ್‌ವೇರ್ ಎಂದ ಮೇಲೆ ಯಾರು ಬೇಕಾದರೂ ಹಂಚಬಹುದೆಂಬುದು ಅದರ ವಾದ. ಅಲ್ಲಿಯ ಫೆಡರಲ್ ನ್ಯಾಯಾಲಯವು ೧೯೯೬ರಲ್ಲಿ ತೀರ್ಪಿತ್ತು, ಶೇರ್‌ವೇರ್ ಅನ್ನು ಹಂಚುವವನು ಅದನ್ನು ಇಡಿಯಾಗಿ, ಏನನ್ನೂ ಸೇರಿಸದೆ, ಕಳೆಯದೆ, ತಿದ್ದದೆ ಹಂಚಬೇಕಾದುದರಿಂದ ಕೃತಿಸ್ವಾಮ್ಯದ ಉಲ್ಲಂಘನೆಯಾಗಿದೆಯೆಂದು ನಿರ್ಣಯಿಸಿತು.

ಎರಡನೆಯದು ಅಮೆರಿಕದ ಇಲಿನಾಯ್ಸ್ ಪ್ರಾಂತದ್ದು. ಸ್ಟಾರ್ಮ್ ಇಂಪ್ಯಾಕ್ಟ್ ಎಂಬ ಸಣ್ಣ ಸಂಸ್ಥೆ ತನ್ನ ಎರಡು ಗಣಕ ಆಟಗಳನ್ನು ಶೇರ್‌ವೇರ್ ಆಗಿ ಅಂತರ್ಜಾಲದಲ್ಲಿಟ್ಟು, ಲಾಭಕ್ಕಾಗಿ ಹಂಚುವವರು ಮೊದಲು ತನ್ನ ಅಪ್ಪಣೆ ಪಡೆಯಬೇಕೆಂದು ಷರತ್ತು ಹಾಕಿತ್ತು. ಚಂದಾದಾರರಿಗೆ ತಿಂಗಳಿಗೊಮ್ಮೆ ತಂತ್ರಾಂಶಗಳನ್ನು ಕಳುಹಿಸುವ ಸಾಫ್ಟ್‌ವೇರ್ ಆಫ್ ದಿ ಮಂತ್ ಕ್ಲಬ್ ಎಂಬ ಸಂಸ್ಥೆಯು ಅಪ್ಪಣೆಯಿಲ್ಲದೆ ಅವುಗಳನ್ನು ತನ್ನ ಸಿ.ಡಿ.ಯಲ್ಲಿ ಸೇರಿಸಿತು. ಅಂತರ್ಜಾಲದಲ್ಲಿ ಇಟ್ಟುದು ಎಲ್ಲರದೂ ಆಯಿತು, ಹಂಚಿಕೆಯಿಂದ ಕರ್ತೃವಿಗೆ ಪ್ರಚಾರವೇ ದೊರೆಯಿತು ಎಂಬ ಅದರ ಸಮರ್ಥನೆಯನ್ನು ನ್ಯಾಯಾಲಯ ೧೯೯೮ರಲ್ಲಿ ತಳ್ಳಿಹಾಕಿತು. ಬಾಗಿಲು ತೆರೆದಿದೆಯೆಂಬ ಮಾತ್ರಕ್ಕೆ ಮನೆ ಛತ್ರವಾಗುವುದಿಲ್ಲವೆಂಬುದೇ ಇದರ ತಾತ್ಪರ್ಯ.

ನಮ್ಮ ದೇಶದ ೧೯೫೭ರ ಕೃತಿಸ್ವಾಮ್ಯದ ಕಾಯಿದೆಯು ೧೯೮೪ರ ತಿದ್ದುಪಡಿಯ ತರುವಾಯ ಗಣಕದ ಕ್ರಮವಿಧಿಗಳನ್ನೂ ಸಾಹಿತ್ಯಕೃತಿಗಳ ಸಾಲಿನಲ್ಲಿ ಸೇರಿಸಿದೆ. ಕವಿಯು ತನ್ನ ಕವಿತೆಯನ್ನು ಸಭೆಯಲ್ಲಿ ಓದಿದನೆಂದು ಅದನ್ನು ಅಚ್ಚುಹಾಕಿ ಮಾರುವ ಹಕ್ಕು ಕೇಳಿದವರಿಗೆಲ್ಲ ಬರುವುದಿಲ್ಲ. ತಂತ್ರಾಂಶದ ಕರ್ತೃವಿನ ಸ್ಥಿತಿಯೂ ಕಾಯಿದೆಯ ಕಣ್ಣಿನಲ್ಲಿ ಇದೇ ಆಗಿದೆ.

೫

ಇದುವರೆಗೆ ಹೇಳಿದುದರಿಂದ, ಬೆಲೆ ಕೇಳದ ತಂತ್ರಾಂಶವನ್ನು ಬೆಲೆಗೆ ಮಾರುವುದೇ ದೋಷವೆಂಬ ಭಾವನೆ ಕೆಲವರಲ್ಲಿ ಉಂಟಾಗಬಹುದು. ಇದಕ್ಕೆ ಪ್ರಬಲವಾದ ಪ್ರತ್ಯುದಾಹರಣೆ ಸ್ವತಂತ್ರ ತಂತ್ರಾಂಶದ ಆಂದೋಲನ. ಮ್ಯಾಸಚೂಸೆಟ್ಸ್ ತಾಂತ್ರಿಕ ವಿದ್ಯಾಸಂಸ್ಥೆಯ ರಿಚರ್ಡ್ ಸ್ಟಾಲ್ಮನ್ ಅವರು ೧೯೮೩ರ ಸೆಪ್ಟೆಂಬರಿನಲ್ಲಿ ಗ್ನೂ ಯೋಜನೆಯನ್ನು ಸಾರಿ, ೧೯೮೫ರಲ್ಲಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿದರು. ತಂತ್ರಾಂಶವನ್ನು ಬಳಸುವ, ಅದರ ಮೂಲಪಾಠವನ್ನು ಓದಿ ತಿದ್ದುವ, ಹಂಚುವ, ತಿದ್ದಿದುದನ್ನೂ ಹಂಚುವ ಸ್ವಾತಂತ್ರ್ಯ ಎಲ್ಲರಿಗೂ ಇರಬೇಕೆಂಬುದು ಅವರ ತತ್ತ್ವ. ಆದರೆ ಅವರು ಪುಕ್ಕಟೆಯ ಪಕ್ಷಪಾತಿಗಳಲ್ಲ. ಈಮ್ಯಾಕ್ಸ್ ಎಂಬ ತಮ್ಮ ತಂತ್ರಾಂಶದ ಸುರುಳಿಯನ್ನು ಅವರೇ ೧೫೦ ಡಾಲರುಗಳಿಗೆ ಮಾರಿ ಜೀವನ ಸಾಗಿಸಿದ್ದರು. ಸ್ವತಂತ್ರ ತಂತ್ರಾಂಶವನ್ನು ಮಾರುವವರು ಎಷ್ಟು ಬೆಲೆಯನ್ನಾದರೂ ಇಡಲೆಂಬುದು ಅವರ ಪ್ರತಿಷ್ಠಾನದ ಸ್ಪಷ್ಟ ನಿಲುವು. ೧೯೮೯ರಲ್ಲಿ ಮೊದಲು ಪ್ರಕಟವಾಗಿ ೧೯೯೧ರಲ್ಲಿ ಪರಿಷ್ಕೃತವಾದ ಜಿ.ಪಿ.ಎಲ್. ಎಂಬ ಲೈಸೆನ್ಸು ಮಾರುವವನ ಮೇಲೆ ಹೊರಿಸುವ ಭಾರ ಬೇರೆ: ಕೊಂಡವನಿಗೆ ಮೂಲಪಾಠ ದೊರೆಯಬೇಕು, ಅದೇ ಸ್ವಾತಂತ್ರ್ಯ ಅವನಿಗೂ ಸಲ್ಲಬೇಕು, ಕರ್ತೃಗಳ ಹೆಸರೂ ಲೈಸೆನ್ಸಿನ ಪಾಠವೂ ಜೊತೆಗಿರಬೇಕು.

ಲಿನಕ್ಸ್‌ನ ಚರಿತ್ರೆಯಲ್ಲಿ ಈ ವಿಷಯದ ಒಂದು ನಿರ್ಣಾಯಕ ಘಟ್ಟವಿದೆ. ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ೧೯೯೧ರಲ್ಲಿ ಅದನ್ನು ಹೊರಬಿಟ್ಟಾಗ, ಹಂಚುವವರು ನಿರ್ವಹಣೆಯ ವೆಚ್ಚವನ್ನು ಕೂಡ ತೆಗೆದುಕೊಳ್ಳಬಾರದೆಂದು ವಿಧಿಸಿದ್ದರು. ಸದುದ್ದೇಶದ ಈ ನಿಯಮದಿಂದಲೇ ತೊಂದರೆ ಉಂಟಾಯಿತು. ಫ್ಲಾಪಿಗೆ ಹಣ ಬೇಕು, ಅಂಚೆಗೆ ಹಣ ಬೇಕು. ಅದನ್ನು ವಸೂಲು ಮಾಡಲಾಗದಿದ್ದರೆ ಹಂಚುವವರಾರು? ೧೯೯೨ರಲ್ಲಿ ಅವರು ಆ ನಿಷೇಧವನ್ನು ಕೈಬಿಟ್ಟು ಜಿ.ಪಿ.ಎಲ್. ಅನ್ನು ಅಂಗೀಕರಿಸಿದರು. ಆ ಬಳಿಕ ಮಾರಾಟವು ಲಿನಕ್ಸ್‌ನ ಪ್ರಸಾರಕ್ಕೆ ವಾಹನವಾಯಿತು. ನಮ್ಮ ದೇಶದಲ್ಲಿ ಇದಕ್ಕೆ ನಿದರ್ಶನವಿದೆ. ಇಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ಆರಂಭವಾದುದು ೧೯೯೫ರ ಆಗಸ್ಟಿನಲ್ಲಿ. ನೂರಾರು ಮೆಗಾಬೈಟುಗಳನ್ನು ಅಂದಿನ ದೂರವಾಣಿ ತಂತಿಯಲ್ಲಿ ಇಳಿಸಿಕೊಳ್ಳುವುದು ಕನಸಿನ ಮಾತಾಗಿತ್ತು. ಆ ದಶಕದ ಉತ್ತರಾರ್ಧದಲ್ಲಿ ಪಿ.ಸಿ. ಕ್ವೆಸ್ಟ್ ಪತ್ರಿಕೆಯು ಲಿನಕ್ಸ್ ಸಿ.ಡಿ.ಯನ್ನು ಸಂಚಿಕೆಯೊಡನೆ ಕೊಟ್ಟುದರಿಂದ, ಬೆಂಗಳೂರಿನವರಾದ ಅತುಲ್ ಚಿಟ್ನಿಸ್ ಮೊದಲಾದವರ ಉತ್ಸಾಹದಿಂದ, ಅನೇಕ ತರುಣರು ಆ ತಂತ್ರಾಂಶವನ್ನು ಕಂಡರು. ಪತ್ರಿಕೆ ಮಾರಾಟದ ಸರಕೇ ಆಗಿದ್ದಿತು. ಅದನ್ನು ಶೋಷಣೆಯೆಂದು ಯಾರೂ ಬಗೆಯಲಿಲ್ಲ, ಬಗೆಯಲು ಕಾರಣವೂ ಇರಲಿಲ್ಲ. ಸಿ.ಡಿ.ಯಲ್ಲಿರುವುದೇನು, ಅದನ್ನು ಬರೆದವರಾರು, ಅದನ್ನು ಇನ್ನೊಬ್ಬರಿಗೆ ಪ್ರತಿ ಮಾಡಿಕೊಡಬಹುದೆ ಎಂಬುದೆಲ್ಲ ಬಹಿರಂಗವಾಗಿದ್ದಿತು.

ಇದರಿಂದ ಒಂದು ಭೇದ ತಿಳಿದುಬರುತ್ತದೆ. ಶೇರ್‌ವೇರ್ ಕರ್ತೃ ಹಂಚಲು ಬಿಟ್ಟು ಹಣ ಕೇಳಿದನು. ಸ್ವತಂತ್ರ ತಂತ್ರಾಂಶದ ಕರ್ತೃ ಹಣವನ್ನು ಬಿಟ್ಟು ಸ್ವಾತಂತ್ರ್ಯವು ಮುಂದುವರಿಯಲೆಂದು ಕೇಳಿದನು. ಇಬ್ಬರೂ ಏನನ್ನಾದರೂ ಕೇಳಿಯೇ ಕೊಟ್ಟವರು. ಮರುಮಾರಾಟಗಾರನು ಆ ಕೇಳಿಕೆಯನ್ನು ಗ್ರಾಹಕನಿಗೆ ಮುಟ್ಟಿಸಿದನೆ ಇಲ್ಲವೆ ಎಂಬುದರಲ್ಲಿ ಅವನ ಧರ್ಮಾಧರ್ಮಗಳು ನಿಂತಿವೆ.

೬

ಮುಟ್ಟಿಸದವರ ಚರಿತ್ರೆಯೂ ದೀರ್ಘವಾದುದು. ಜರ್ಮನಿಯ ಹರಾಲ್ಡ್ ವೆಲ್ಟೆ ಅವರು, ತಮ್ಮ ತಂತ್ರಾಂಶವನ್ನು ಜಾಲೋಪಕರಣಗಳಲ್ಲಿ ಸೇರಿಸಿ ಮೂಲಪಾಠವನ್ನೂ ಲೈಸೆನ್ಸನ್ನೂ ಕೊಡದೆ ಮಾರುತ್ತಿದ್ದ ಸಂಸ್ಥೆಯೊಂದರ ಮೇಲೆ ದಾವೆ ಹೂಡಿ ೨೦೦೪ರಲ್ಲಿ ಮ್ಯೂನಿಕ್ ನ್ಯಾಯಾಲಯದಲ್ಲಿ ಜಯಗಳಿಸಿದರು. ಸ್ಟಾಲ್ಮನ್ನರ ಪ್ರತಿಷ್ಠಾನವು ೨೦೦೮ರಲ್ಲಿ ಸಿಸ್ಕೊ ಸಂಸ್ಥೆಯ ಮೇಲೆ ಇದೇ ಬಗೆಯ ದಾವೆ ಹೂಡಿತು. ೨೦೦೯ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಆದರೆ ನಮ್ಮ ವಿವೇಚನೆಗೆ ಹೆಚ್ಚು ಉಪಯುಕ್ತವಾದುದು ಆಟದ ರೈಲುಗಳ ಹವ್ಯಾಸಿಗಳಿಗೆ ಸಂಬಂಧಿಸಿದ ಜೇಕಬ್ಸನ್ ವಿರುದ್ಧ ಕ್ಯಾಟ್ಜರ್ ಎಂಬ ವ್ಯಾಜ್ಯ. ರಾಬರ್ಟ್ ಜೇಕಬ್ಸನ್ ಅವರೂ ಅವರ ಜೊತೆಗಾರರೂ ಬರೆದು ಬೆಲೆಯಿಲ್ಲದೆ ಹಂಚಿದ ಕಡತಗಳನ್ನು, ಕರ್ತೃಗಳ ಹೆಸರನ್ನೂ ಲೈಸೆನ್ಸಿನ ಸೂಚನೆಗಳನ್ನೂ ಕೈಬಿಟ್ಟು, ಒಂದು ವ್ಯಾಪಾರಿ ಸಂಸ್ಥೆ ತನ್ನ ಸರಕಿನಲ್ಲಿ ಸೇರಿಸಿತ್ತು. ಹಣವನ್ನೇ ಕೇಳದವರಿಗೆ ನಷ್ಟವೇನೆಂಬ ಪ್ರಶ್ನೆ ಎದ್ದಿತು. ೨೦೦೮ರ ಆಗಸ್ಟಿನಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವು, ಹಣದ ರೂಪದಲ್ಲಿ ಪ್ರತಿಫಲವಿಲ್ಲದಿದ್ದರೂ ಹೆಸರು, ಕೀರ್ತಿ, ಇತರರ ತಿದ್ದುಪಡಿಗಳಿಂದ ಕೃತಿಗೆ ಒದಗುವ ಅಭ್ಯುದಯ ಇವು ಪ್ರತಿಫಲವೇ ಎಂದು ಅಂಗೀಕರಿಸಿ, ಲೈಸೆನ್ಸಿನ ಷರತ್ತುಗಳನ್ನು ಮುರಿದರೆ ಕೃತಿಸ್ವಾಮ್ಯದ ಭಂಗವಾಗಬಹುದೆಂದು ತೀರ್ಪು ನೀಡಿತು. ಲೇಖನದ ಆದಿಯಲ್ಲಿ ಎತ್ತಿದ ನಷ್ಟದ ಪ್ರಶ್ನೆಗೆ ಇಲ್ಲಿ ಉತ್ತರ ದೊರೆಯುತ್ತದೆ. ಕರ್ತೃವಿನ ಕೊಟ್ಟಿಗೆಯಿಂದ ಹಸು ಹೋಗಿಲ್ಲ, ನಿಜ. ಹೋದುದು ಅವನ ಹೆಸರು ಮತ್ತು ಮಾತು.

ವಂಚನೆಗೊಳಗಾಗುವವನು ಕರ್ತೃವೊಬ್ಬನೇ ಅಲ್ಲ, ಗ್ರಾಹಕನೂ ಹೌದು. ೨೦೧೫ರಲ್ಲಿ ಸೋರ್ಸ್‌ಫೋರ್ಜ್ ಎಂಬ ತಾಣವು, ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದ ವಿಂಡೋಸ್ ಆವೃತ್ತಿಯ ಖಾತೆಯನ್ನು ತಾನೇ ವಹಿಸಿಕೊಂಡು ಜಾಹೀರಾತಿನ ಸರಕುಗಳನ್ನು ಅದಕ್ಕೆ ಪೋಣಿಸಿ ಹಂಚಿತೆಂದು ಕರ್ತೃಗಳು ಪ್ರತಿಭಟಿಸಿದರು. ಆ ತಾಣವು ೨೦೧೬ರಲ್ಲಿ ಹೊಸ ಒಡೆಯರ ಕೈಸೇರಿದ ಮೇಲೆ ಆ ಪದ್ಧತಿ ನಿಂತಿತು. ಇಲ್ಲಿ ಬೆಲೆಯೆಂಬುದೇ ಇರಲಿಲ್ಲ, ಆದರೂ ದೋಷವಿದ್ದಿತು. ೨೦೨೨ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು, ಬೇರೆಡೆ ಬೆಲೆಯಿಲ್ಲದೆ ದೊರೆಯುವ ಮುಕ್ತ ತಂತ್ರಾಂಶವನ್ನು ತನ್ನ ಆನ್‌ಲೈನ್ ಅಂಗಡಿಯಲ್ಲಿ ಲಾಭಕ್ಕೆ ಮಾರಬಾರದೆಂದು ನಿಯಮ ಮಾಡಹೊರಟಾಗ, ಅದನ್ನು ವಿರೋಧಿಸಿದವರು ಸ್ವತಂತ್ರ ತಂತ್ರಾಂಶದ ಪಕ್ಷದವರೇ. ಮಾರುವ ಹಕ್ಕು ಎಲ್ಲರಿಗೂ, ವಿಶೇಷವಾಗಿ ಕರ್ತೃಗಳಿಗೆ, ಇರಬೇಕೆಂಬುದು ಅವರ ವಾದ. ಆ ನಿಯಮವನ್ನು ತಿದ್ದಲಾಯಿತು. ಅದೇ ವರ್ಷ ಲಿಬ್ರೆಆಫೀಸ್‌ನ ಪ್ರತಿಷ್ಠಾನವು ಆಪಲ್ ಅಂಗಡಿಯಲ್ಲಿ ಅದನ್ನು ಸುಮಾರು ೯ ಯೂರೋಗಳಿಗೆ ಮಾರತೊಡಗಿತು. ತನ್ನ ತಾಣದಲ್ಲಿ ಅದು ಬೆಲೆಯಿಲ್ಲದೆಯೂ ದೊರೆಯುವುದೆಂದು ಹೇಳಿಯೇ ಮಾರಿತು. ಈ ಎರಡು ನಿದರ್ಶನಗಳನ್ನು ಹೋಲಿಸಿ ನೋಡಿದರೆ ದೋಷವು ಬೆಲೆಯಲ್ಲಿಲ್ಲ, ಮರೆಮಾಚುವುದರಲ್ಲಿದೆ ಎಂಬುದು ನಿಸ್ಸಂದೇಹವಾಗುತ್ತದೆ.

೭

ಆದರೆ ಏನನ್ನೂ ಮರೆಮಾಚದೆ, ಲೈಸೆನ್ಸಿನ ಒಂದಕ್ಷರವನ್ನೂ ಮೀರದೆ ನಡೆಯುವ ಅನ್ಯಾಯವೂ ಉಂಟೆ? ಈ ಪ್ರಶ್ನೆ ಈಚಿನದು ಮತ್ತು ಕಠಿಣವಾದುದು. ಅಂತರ್ಜಾಲದ ವ್ಯವಹಾರಗಳನ್ನು, ಬ್ಯಾಂಕುಗಳ ವ್ಯವಹಾರಗಳನ್ನೂ ಒಳಗೊಂಡು, ಗುಪ್ತವಾಗಿಡಲು ನೆರವಾಗುವ ಓಪನ್‌ಎಸ್‌ಎಸ್‌ಎಲ್ ಎಂಬ ತಂತ್ರಾಂಶದಲ್ಲಿ ೨೦೧೪ರ ಏಪ್ರಿಲಿನಲ್ಲಿ ಒಂದು ಭಯಂಕರ ಲೋಪ ಬಯಲಾಯಿತು. ಲೋಕದ ದೊಡ್ಡ ದೊಡ್ಡ ಸಂಸ್ಥೆಗಳು ಆಶ್ರಯಿಸಿದ್ದ ಆ ಕಾರ್ಯಕ್ಕೆ ಬರುತ್ತಿದ್ದ ದಾನವು ವರ್ಷಕ್ಕೆ ಸುಮಾರು ೨,೦೦೦ ಡಾಲರು ಮಾತ್ರವೆಂದು ಆಗ ಜನಕ್ಕೆ ತಿಳಿಯಿತು. ಕಾಯಿದೆಯ ಪ್ರಕಾರ ಯಾರೂ ಏನನ್ನೂ ಕೊಡಬೇಕಾಗಿರಲಿಲ್ಲ. ಕೆರೆಯ ನೀರನ್ನು ಬಳಸುವವರೆಲ್ಲರೂ ಹೂಳೆತ್ತುವವನನ್ನು ಮರೆತಂತಾಗಿತ್ತು.

ರೆಡ್ ಹ್ಯಾಟ್ ಸಂಸ್ಥೆಯ ಚರಿತ್ರೆಯೂ ಇಲ್ಲಿ ಪರಿಶೀಲನಾರ್ಹ. ಲಿನಕ್ಸ್ ಅನ್ನು ಸಿದ್ಧಪಡಿಸಿ, ನೆರವಿನ ಸೇವೆಯೊಡನೆ ಮಾರಿ ಬೆಳೆದ ಈ ಸಂಸ್ಥೆ ೧೯೯೯ರ ಆಗಸ್ಟಿನಲ್ಲಿ ಷೇರುಪೇಟೆಯನ್ನು ಪ್ರವೇಶಿಸಿದಾಗ, ಹೊರಗಿನ ಕರ್ತೃಗಳಿಗೂ ಷೇರು ಕೊಳ್ಳುವ ಅವಕಾಶವನ್ನು ನೀಡಿತು. ಅವರಲ್ಲಿ ಕೆಲವರು ದಳ್ಳಾಳಿ ಸಂಸ್ಥೆಯ ಅರ್ಹತಾ ನಿಯಮಗಳ ದೆಸೆಯಿಂದ ಮೊದಲು ತಿರಸ್ಕೃತರಾದರೂ, ಪಾಲು ಕೊಡಬೇಕೆಂಬ ಭಾವನೆ ಮೆಚ್ಚತಕ್ಕುದೇ. ಅದು ತನ್ನ ತಿದ್ದುಪಡಿಗಳನ್ನು ಸಾಮಾನ್ಯ ಭಂಡಾರಕ್ಕೆ ಹಿಂದಿರುಗಿಸುತ್ತಲೂ ಬಂದಿತು. ೨೦೧೯ರಲ್ಲಿ ಐ.ಬಿ.ಎಂ. ಅದನ್ನು ೩,೪೦೦ ಕೋಟಿ ಡಾಲರುಗಳಿಗೆ ಕೊಂಡಿತು. ೨೦೨೩ರ ಜೂನಿನಲ್ಲಿ ಸಂಸ್ಥೆಯು ತನ್ನ ಮುಖ್ಯ ಸರಕಿನ ಮೂಲಪಾಠವನ್ನು ಸಾರ್ವಜನಿಕವಾಗಿ ಇಡುವುದನ್ನು ನಿಲ್ಲಿಸಿ ಗ್ರಾಹಕರಿಗೆ ಮಾತ್ರ ಕೊಡುವುದಾಗಿ ಪ್ರಕಟಿಸಿತು. ತನ್ನ ಶ್ರಮವನ್ನು ಹಾಗೆಯೇ ಪ್ರತಿ ಮಾಡಿ ಮಾರುವವರಿಂದ ತನಗೆ ಅನ್ಯಾಯವಾಗುತ್ತಿದೆಯೆಂಬುದು ಅದರ ಸಮಾಧಾನ. ಇತರರ ಕೃತಿಯನ್ನು ಮಾರಿ ಬೆಳೆದವನೇ ತನ್ನದನ್ನು ಇತರರು ಮಾರಬಾರದೆಂದು ಕೇಳಿದುದು ವಿರೋಧಾಭಾಸವಾಗಿ ಕಂಡರೂ, ಕೊಂಡವನಿಗೆ ಮೂಲಪಾಠ ದೊರೆತರೆ ಸಾಕೆನ್ನುವ ಲೈಸೆನ್ಸಿನ ಅಕ್ಷರಕ್ಕೆ ಅದು ವಿರುದ್ಧವಲ್ಲವೆಂದು ಸಂಸ್ಥೆ ವಾದಿಸಿತು. ಆಶಯಕ್ಕೆ ವಿರುದ್ಧವೆಂದು ಬಹುಮಂದಿ ಆಕ್ಷೇಪಿಸಿದರು.

ಇನ್ನು ಕೆಲವರು ಕೊಟ್ಟುದನ್ನೇ ಹಿಂತೆಗೆದುಕೊಳ್ಳಲು ಯತ್ನಿಸಿದರು. ಬೃಹತ್ ಸಂಸ್ಥೆಗಳು ತಮ್ಮ ತಂತ್ರಾಂಶವನ್ನು ಸೇವೆಯಾಗಿ ಮಾರಿ ಲಾಭ ಪಡೆಯುತ್ತವೆಂದು ಆಕ್ಷೇಪಿಸಿ ಇಲಾಸ್ಟಿಕ್ ಸಂಸ್ಥೆ ೨೦೨೧ರಲ್ಲಿಯೂ ರೆಡಿಸ್ ಸಂಸ್ಥೆ ೨೦೨೪ರಲ್ಲಿಯೂ ಲೈಸೆನ್ಸನ್ನು ಬಿಗಿಗೊಳಿಸಿದುವು. ಒಡನೆಯೇ ಇತರರು ಹಳೆಯ ಪಾಠವನ್ನು ಹಿಡಿದು ಬೇರೆ ಶಾಖೆಗಳನ್ನು ಕಟ್ಟಿದರು. ಮುಂದೆ ಇಲಾಸ್ಟಿಕ್ ೨೦೨೪ರಲ್ಲಿ, ರೆಡಿಸ್ ೨೦೨೫ರಲ್ಲಿ ಮತ್ತೆ ಮುಕ್ತ ಲೈಸೆನ್ಸೊಂದನ್ನು ಸೇರಿಸಿದುವು. ಕೊಟ್ಟ ದಾನವನ್ನು ಹಿಂದಕ್ಕೆ ಪಡೆಯುವುದೂ ನಮ್ಮ ಸ್ಮೃತಿಗಳಲ್ಲಿ ಪ್ರತ್ಯೇಕವಾದ ಒಂದು ವಿವಾದಪದ. ಸಂಸ್ಥೆಯ ಹೊರಗಿನ ಎಷ್ಟೋ ಮಂದಿ ತಿದ್ದಿ ಬೆಳೆಸಿದ ಕೃತಿಯನ್ನು ಸಂಸ್ಥೆಯೊಂದೇ ತನ್ನದೆಂದು ಬಗೆದು ನಿಯಮವನ್ನು ಬದಲಿಸಿದುದೇ ಇಲ್ಲಿ ಆಕ್ಷೇಪಕ್ಕೆ ಗುರಿಯಾಯಿತು.

ಈ ನಿದರ್ಶನಗಳಲ್ಲಿ ಕಾಯಿದೆಯ ತಪ್ಪು ಯಾರಲ್ಲಿಯೂ ಇಲ್ಲದಿರಬಹುದು. ಆದರೆ ಕಾಯಿದೆ ಕೇಳುವುದು ಕನಿಷ್ಠವನ್ನು. ಸಾಲ ತೀರಿಸಿದವನೆಲ್ಲ ಸಜ್ಜನನೆಂದು ಬ್ಯಾಂಕಿನವನು ಹೇಳಲಾರನು, ಸಾಲ ತೀರಿಸಿದನೆಂದಷ್ಟೇ ಹೇಳುವನು.

೮

ಕನ್ನಡಿಗರಾದ ನಮಗೆ, ಅದರಲ್ಲಿಯೂ ಹೊರನಾಡಿನಲ್ಲಿ ನೆಲಸಿದವರಿಗೆ, ಈ ವಿಷಯ ದೂರದ್ದಲ್ಲ. ಮುಂಬಯಿಯಲ್ಲಿ ಬಹುಕಾಲ ಅಕ್ಷರ ಸಂಯೋಜನೆಯ ಕ್ಷೇತ್ರದಲ್ಲಿ ದುಡಿದ ಶ್ರೀ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವೇ ಮುಂದೆ ಕರ್ನಾಟಕ ಸರ್ಕಾರ ಅಂಗೀಕರಿಸಿದ ವಿನ್ಯಾಸಕ್ಕೆ ಮೂಲವಾಯಿತು. ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟು ಅವರು ರಚಿಸಿದ ತಂತ್ರಾಂಶವು ಬೆಲೆಯಿಲ್ಲದೆ ಜನರಿಗೆ ದೊರೆಯಿತು. ಶ್ರೀ ಶೇಷಾದ್ರಿವಾಸು ಚಂದ್ರಶೇಖರನ್ ಅವರು ೧೯೯೮ರಲ್ಲಿ ಹೊರತಂದ 'ಬರಹ'ವು ಅನೇಕ ವರ್ಷ ಬೆಲೆಯಿಲ್ಲದೆ ದೊರೆತು, ಊರು ಬಿಟ್ಟ ಎಷ್ಟೋ ಕನ್ನಡಿಗರು ಗಣಕದಲ್ಲಿ ಮೊದಲ ಬಾರಿಗೆ ತಮ್ಮ ಭಾಷೆಯಲ್ಲಿ ಪತ್ರ ಬರೆಯುವಂತಾಯಿತು. ಮುಂದೆ ಅದಕ್ಕೆ ಬೆಲೆ ನಿಗದಿಯಾದಾಗ ಗೊಣಗಿದವರುಂಟು. ಆ ಗೊಣಗಾಟ ನ್ಯಾಯವಾದುದಲ್ಲ. ಬೆಲೆಯನ್ನು ಬಿಡುವ ಹಕ್ಕು ಯಾರದೋ ಅದನ್ನು ಇಡುವ ಹಕ್ಕೂ ಅವರದೇ. ನಾವು ಪಡೆದುದಕ್ಕೆ ಒಂದು ಕೃತಜ್ಞತೆಯ ಓಲೆಯನ್ನಾದರೂ ಬರೆದಿದ್ದೆವೆಯೆ ಎಂಬುದನ್ನು ನಾವು ಕೇಳಿಕೊಳ್ಳಬೇಕಾಗಿದೆ.

ಈವರೆಗಿನ ಪರಿಶೀಲನೆಯಿಂದ ಮರುಮಾರಾಟದ ಔಚಿತ್ಯವನ್ನು ತಿಳಿಯಲು ಮೂರು ಪ್ರಶ್ನೆಗಳು ಸಾಕೆಂದು ತೋರುತ್ತದೆ. ಕರ್ತೃವಿನ ಹೆಸರೂ ಅವನ ಷರತ್ತೂ ಗ್ರಾಹಕನಿಗೆ ಮುಟ್ಟಿದುವೆ? ತಾನು ಹಣ ಕೊಡುತ್ತಿರುವುದು ಯಾವುದಕ್ಕೆ, ಇನ್ನೇನಾದರೂ ಬಾಕಿಯಿದೆಯೆ ಎಂಬುದು ಅವನಿಗೆ ತಿಳಿಯಿತೆ? ಲಾಭ ಪಡೆದವನು ಹಣವಾಗಿಯೋ ದುಡಿಮೆಯಾಗಿಯೋ ಮೂಲಕ್ಕೆ ಏನನ್ನಾದರೂ ಹಿಂದಿರುಗಿಸಿದನೆ? ಮೊದಲನೆಯದನ್ನು ನ್ಯಾಯಾಲಯಗಳು ಕೇಳಬಲ್ಲುವು. ಎರಡನೆಯದನ್ನು ವೃತ್ತಿಸಂಘಗಳು ಕೇಳಿದುವು. ಮೂರನೆಯದನ್ನು ಕೇಳಿಕೊಳ್ಳಬೇಕಾದವರು ಮಾರುವವರೂ ಕೊಳ್ಳುವವರೂ ಆದ ನಾವೇ.

ಟಾಸ್ಮೇನಿಯದ ಪೀಟರ್ ಟಟಮ್ ಅವರಿಗೆ ಸಂಬಂಧಿಸಿದ ಇನ್ನೊಂದು ಸಂಗತಿ ಉಳಿದಿದೆ. ಅವರ ತಂತ್ರಾಂಶವು ಬಳಕೆಯಿಂದ ಮರೆಯಾಗಿ ಎಷ್ಟೋ ವರ್ಷಗಳಾದ ಮೇಲೆ, ೨೦೧೧ರಲ್ಲಿ, ಒಂದು ಕಾಲದಲ್ಲಿ ಹಣ ಕೊಡದೆ ಅದನ್ನು ಬಳಸಿದ್ದವರಿಗೆ ಅವರ ನೆನಪಾಯಿತು. ಯಾರೋ ಅಂತರ್ಜಾಲದಲ್ಲಿ ಆ ಬಾಕಿಯ ಮಾತನ್ನೆತ್ತಿದರು. ಬೇರೆಬೇರೆ ದೇಶಗಳಿಂದ ಅನೇಕರು, ಹದಿನೈದಕ್ಕೂ ಹೆಚ್ಚು ವರ್ಷಗಳ ಹಿಂದೆ ಕೊಡಬೇಕಾಗಿದ್ದ ಹಣವನ್ನು ಅವರಿಗೆ ಕಳುಹಿಸಿಕೊಟ್ಟರು. ಬ್ಯಾಂಕಿನ ಲೆಕ್ಕದಲ್ಲಿ ಅಷ್ಟು ಹಳೆಯ ಸಾಲವನ್ನು ಬರಲಾರದ ಬಾಕಿಯೆಂದು ಹೊಡೆದುಹಾಕಿರುತ್ತಾರೆ. ಇವರ ಲೆಕ್ಕದಲ್ಲಿ ಅದು ಇನ್ನೂ ನಿಂತಿದ್ದಿತು.